ಗಿಣ್ಣುಹಾಲು

ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ‘ಚೀಸ್’ ಎಂಬ ಮಾತಿಗೆ ‘ಗಿಣ್ಣು’ ಎಂದು ಅರ್ಥ ಬರೆದಿರುವುದನ್ನು ವಾಚಕರು ನೋಡಿರಬಹುದು. ನಿಘಂಟುಕಾರರ ಕಷ್ಟ ನನಗೆ ತಿಳಿಯದ್ದಲ್ಲ; ಊರಿನಲ್ಲಿಲ್ಲದ ಪದಾರ್ಥಕ್ಕೆ ಊರಿನಲ್ಲಿರುವ ಹೆಸರನ್ನೇ ಹುಡುಕಿ ಕೊಡಬೇಕಾಗುತ್ತದೆ. ಆದರೂ ಇವೆರಡೂ ಒಂದೇ ಅಲ್ಲ. ಚೀಸಿಗಾಗಿ ಹಾಲನ್ನು ಒಡೆಸಿ, ನೀರನ್ನು ಬಸಿದು, ಗಟ್ಟಿಯನ್ನು ಉಳಿಸಿಕೊಳ್ಳುತ್ತಾರೆ. ಗಿಣ್ಣಿನಲ್ಲಿ ಬಸಿಯುವುದೆಂಬುದೇ ಇಲ್ಲ. ಈದ ಹಸುವಿನ ಮೊದಲ ಹಾಲು ಬರಿಯ ಬಿಸಿಗೇ ಗಟ್ಟಿಯಾಗುತ್ತದೆ. ಸಾಮಾನ್ಯ ಹಾಲಿನಲ್ಲಿ ಪ್ರೋಟೀನು ಶೇಕಡ 3ರಷ್ಟಿದ್ದರೆ, ಈ ಮೊದಲ ಹಾಲಿನಲ್ಲಿ 14ರ ಆಸುಪಾಸಿನಲ್ಲಿರುತ್ತದೆಯಂತೆ.

ಚಾಮುಂಡಿಬೆಟ್ಟದ ತಪ್ಪಲಿನ ನಮ್ಮ ಸಿದ್ಧಾರ್ಥನಗರದಲ್ಲಿ ಹಾಲು ಪೊಟ್ಟಣದಲ್ಲಿ ಬರುವುದೇ ವಾಡಿಕೆ. ಹೋದ ವಾರ ಪರಿಚಿತನಾದ ಹಾಲಿನವನೊಬ್ಬನು ಒಂದು ಬಾಟಲಿ ಗಿಣ್ಣುಹಾಲನ್ನು ತಂದು ಬೆಲೆ ಹೇಳಿದನು. ಅಮ್ಮ ಒಂದು ಕ್ಷಣ ಸುಮ್ಮನಾದರು. ನಂಜನಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಗಿಣ್ಣು ಮಾರುವ ಪದಾರ್ಥವಾಗಿರಲಿಲ್ಲ. ನಮ್ಮದು ಹಳ್ಳಿಕಾರ್ ದನ; ಉಳುವುದರಲ್ಲಿ ಗಟ್ಟಿ, ಕರೆಯುವುದರಲ್ಲಿ ಜಿಪುಣ. ಆ ಸ್ವಲ್ಪದಲ್ಲಿಯೇ ಬೀದಿಯ ಮನೆಮನೆಗೂ ಒಂದೊಂದು ಲೋಟ ಹೋಗಬೇಕು. ಆ ಲೋಟಗಳು ಎಂದೂ ಬರಿದಾಗಿ ಹಿಂದಿರುಗುತ್ತಿರಲಿಲ್ಲ. ಕರುವಿನ ಹೊಟ್ಟೆ ತುಂಬುವ ತನಕ ಅಜ್ಜಿ ಮಾತ್ರ ಚೆಂಬನ್ನು ಮುಟ್ಟಗೊಡುತ್ತಿರಲಿಲ್ಲ. ರೋಗವನ್ನು ತಡೆಯುವ ದ್ರವ್ಯಗಳನ್ನು ಕರುವು ಗರ್ಭದಲ್ಲಿ ಪಡೆದು ಬರುವುದಿಲ್ಲ, ಹುಟ್ಟಿದ ಮೊದಲ 24 ಗಂಟೆಗಳೊಳಗೆ ಕುಡಿದ ಗಿಣ್ಣುಹಾಲಿನಿಂದಲೇ ಅದು ಅವನ್ನು ಪಡೆಯಬೇಕು ಎಂದು ಪಶುವೈದ್ಯರು ಹೇಳುತ್ತಾರೆ. ಅಜ್ಜಿ ಇದನ್ನು ಓದಿದವಳಲ್ಲ.

“ಕರು ಕುಡಿಯಿತೇನಪ್ಪ?” ಎಂದರು ಅಮ್ಮ.

“ಕುಡಿದು ಮಿಕ್ಕದ್ದೇ ತಾಯಿ. ಸೀಮೆಹಸು, ಬೇಕಾದಷ್ಟು ಕರೆಯುತ್ತದೆ.”

“ಹೆಣ್ಣೋ ಗಂಡೋ?”

“ಗಂಡು” ಎಂದವನು ಗಾಡಿಯನ್ನು ತಿರುಗಿಸಿಕೊಂಡನು. ಟ್ರಾಕ್ಟರು ಉಳುವ ಊರಿನಲ್ಲಿ ಸೀಮೆಹಸುವಿನ ಗಂಡುಗರುವಿಗೆ ಕೆಲಸವೇನಿದೆ? ಮುಂದೇನೆಂದು ನಾವು ಕೇಳಲಿಲ್ಲ. ಹುಲ್ಲನ್ನೂ ಹಿಂಡಿಯನ್ನೂ ಹಣಕ್ಕೆ ತರುವವನನ್ನು ದೂರುವುದಕ್ಕೆ ನನಗೆ ಮನಸ್ಸೂ ಇಲ್ಲ.

ಅಮ್ಮನ ಕೈ ಈಗ ನಡುಗುತ್ತದೆ. ಆಕೆ ಕುಳಿತು ಹೇಳಿದಂತೆ ನಾನು ಮಾಡಿದೆನು. ಮೊದಲ ದಿನದ ಹಾಲು ಬಹಳ ಮಂದ. ಹಾಗೆಯೇ ಬೇಯಿಸಿದರೆ ರಬ್ಬರಿನಂತಾದೀತು. ಒಂದು ಪಾಲಿಗೆ ಎರಡು ಪಾಲು ಮಾಮೂಲು ಹಾಲನ್ನು ಬೆರೆಸಬೇಕು. ಬೆಲ್ಲವನ್ನು ಕರಗಿಸಿ, ಸೋಸಿ, ಪೂರ್ತಿ ಆರಿದ ಮೇಲೆ ಹಾಕಬೇಕು. ಏಲಕ್ಕಿ ಒಂದೆರಡು ಸಾಕು. ಹೆಚ್ಚಾದರೆ ಹಾಲಿನ ವಾಸನೆಯೇ ಅಡಗುತ್ತದೆ. ಬಳಿಕ ತಟ್ಟೆಯಲ್ಲಿ ಹೊಯ್ದು, ಇಡ್ಲಿಯಂತೆ ಹಬೆಯಲ್ಲಿ ಇಡುವುದು. ನಡುನಡುವೆ ಮುಚ್ಚಳ ತೆಗೆದು ನೋಡುವ ಚಪಲ ನನಗೆ ಎಂಟು ವರ್ಷದವನಾಗಿದ್ದಾಗಲೂ ಇತ್ತು. ಅರ್ಧ ಗಂಟೆಗೆ ಚಾಕುವನ್ನು ಚುಚ್ಚಿ ತೆಗೆದರೆ ಅಲಗಿಗೆ ಏನೂ ಅಂಟಲಿಲ್ಲ. ಆರಿದ ಮೇಲೆ ಕತ್ತರಿಸಿದರೆ ಒಳಗೆಲ್ಲ ಸಣ್ಣ ಸಣ್ಣ ಕಣ್ಣುಗಳು; ಹಲ್ಲಿಗೆ ಸಿಕ್ಕಿ ಮೆಲ್ಲನೆ ಕಿರುಗುಟ್ಟುವ ಆ ಹದ ಮಾತ್ರ ನಮ್ಮ ಹಳ್ಳಿಯದೇ.

ಪಕ್ಕದ ಎರಡು ಮನೆಗಳಿಗೆ ಕೊಟ್ಟು ಬಂದಾಗ, ಮೂರು ತಿಂಗಳಿನಿಂದ ಗಂಜಿಯನ್ನೇ ನೆಚ್ಚಿದ್ದ ಅಮ್ಮ ಎರಡು ತುಂಡು ತಿಂದು ಮುಗಿಸಿದ್ದರು. ಮೂರನೆಯದನ್ನು ಕೈಯಲ್ಲಿ ಹಿಡಿದು, ಗೌರಿಯ ಮೊದಲ ಕರುವೂ ಹೋರಿಯೇ ಅಲ್ಲವೆ, ಅದನ್ನು ನೊಗಕ್ಕೆ ಕಟ್ಟಿದ್ದು ಯಾವ ವರ್ಷ ಎಂದು ಕೇಳಿದರು. ನಾನಿನ್ನೂ ಹುಟ್ಟಿರಲಿಲ್ಲವೆಂದೆನು.