ಹೊಸ ಗಿಟಾರ್ ಕೊಳ್ಳುವ ಮುನ್ನ ಇರುವುದಕ್ಕೆ ಸೆಟಪ್ ಮಾಡಿಸಿ

ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಹೊರಟವರಲ್ಲಿ ಹಲವರು ಸ್ವಲ್ಪ ದಿನಕ್ಕೇ ಬೆರಳು ನೋವು ಎನ್ನುತ್ತಾರೆ. ಅಗ್ಗದ ಗಿಟಾರ್ ಅಲ್ಲವೇ, ದುಬಾರಿಯದು ಕೊಂಡರೆ ಸರಿಹೋದೀತು ಎಂದು ಹಣ ಹೊಂದಿಸತೊಡಗುತ್ತಾರೆ. ತುಸು ತಾಳಿ. ಕೈಗೆ ಹಿತವೆನಿಸುವುದಕ್ಕೂ ಎನಿಸದಿರುವುದಕ್ಕೂ ಎರಡು ಕಾರಣಗಳಿವೆ. ಒಂದು ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಕುತ್ತಿಗೆ. ಅದರ ಆಕಾರ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಇನ್ನೊಂದು ಸೆಟಪ್, ಅಂದರೆ ತಂತಿಯ ಎತ್ತರ, ನೆಕ್‌ನ ಬಾಗು ಮುಂತಾದವುಗಳ ಹೊಂದಾಣಿಕೆ. ಇದನ್ನು ಯಾವಾಗ ಬೇಕಾದರೂ ಬದಲಿಸಬಹುದು. ನೋವಿಗೆ ಕಾರಣ ಬಹುಪಾಲು ಇದೇ.

ನೆಕ್‌ನ ಹಿಂಬದಿ ಕೆಲವು ಗಿಟಾರ್‌ಗಳಲ್ಲಿ ತೆಳ್ಳಗಿರುತ್ತದೆ, ಕೆಲವುಗಳಲ್ಲಿ ದಪ್ಪ. ಚಿಕ್ಕ ಕೈಗೆ ತೆಳು ನೆಕ್ಕೇ ಸರಿ ಎಂಬ ನಿಯಮವೇನಿಲ್ಲ. ತೀರಾ ತೆಳುವಾದರೆ ಹೆಬ್ಬೆರಳಿಗೆ ಆಸರೆ ಸಾಲದೆ ಕೈ ಸೋಲುವುದೂ ಉಂಟು. ಮುಂಬದಿಯಲ್ಲಿ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿದ ಹಲಗೆಯೇ ಫಿಂಗರ್‌ಬೋರ್ಡ್. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಬೀಟೆ ಮರ ಇದಕ್ಕೆ ಹೆಸರುವಾಸಿ. ಈ ಹಲಗೆ ಅಡ್ಡಕ್ಕೆ ತುಸು ಉಬ್ಬಿರುತ್ತದೆ. ಉಬ್ಬಿನ ಅಳತೆಗೆ ರೇಡಿಯಸ್ ಎನ್ನುತ್ತಾರೆ. ಹಳೆಯ ಫೆಂಡರ್‌ಗಳಲ್ಲಿ ಅದು 7.25 ಇಂಚು, ಗಿಬ್ಸನ್‌ಗಳಲ್ಲಿ ಸಾಮಾನ್ಯವಾಗಿ 12 ಇಂಚು. ಅಂಕಿ ದೊಡ್ಡದಾದಷ್ಟೂ ಹಲಗೆ ಚಪ್ಪಟೆ. ಕಾರ್ಡ್ ಹಿಡಿಯಲು ಉಬ್ಬು ಹಿತ. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವ ಬೆಂಡ್‌ಗೆ ಚಪ್ಪಟೆಯೇ ಮೇಲು. ಉಬ್ಬು ಹಲಗೆಯ ಮೇಲೆ ತಂತಿ ತೀರಾ ತಗ್ಗಿದ್ದರೆ, ಎಳೆದಾಗ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಅಲ್ಲೇ ಸತ್ತುಹೋಗುತ್ತದೆ. ಗಿಟಾರಿನಲ್ಲಿ ಗಮಕ ನುಡಿಸುವ ಆಸೆಯಿದ್ದರೆ ಇದನ್ನು ನೋಡಿಯೇ ಕೊಳ್ಳಿ.

ಇನ್ನು ಸೆಟಪ್. ಆರೂ ತಂತಿಗಳು ಸೇರಿ ನೆಕ್ಕನ್ನು ಮುಂದಕ್ಕೆ ಬಗ್ಗಿಸುತ್ತಿರುತ್ತವೆ. ಅದನ್ನು ತಡೆಯಲು ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ಮೊದಲು ಶ್ರುತಿ ಮಾಡಿ. ದಪ್ಪ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಅಳೆಯಲು ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜ್ ಸಾಕು. ಆಟೋಮೊಬೈಲ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಸಂದು ಹೆಚ್ಚಿದ್ದರೆ ರಾಡ್ ಬಿಗಿಮಾಡಬೇಕು, ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ನೆಕ್ ಮುರಿದೀತೇ? ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದಿದ್ದರೆ ಆ ಭಯ ಬೇಡ. ತಿರುಗಿಸಲು ಬಲ ಹಾಕಬೇಕಾಗಿ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ಕೊಡಿ.

ಆಮೇಲೆ ಆ್ಯಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಗಿರುವ ಎತ್ತರ. ಹನ್ನೆರಡನೇ ಫ್ರೆಟ್‌ನಲ್ಲಿ 1.6 ಮಿ.ಮೀ. ಆಸುಪಾಸು ಹೆಚ್ಚಿನವರಿಗೆ ಒಗ್ಗುತ್ತದೆ. ಇನ್ನೂ ತಗ್ಗಿಸಿದರೆ ತಂತಿ ಜರ್ರೆನ್ನಬಹುದು. ಆಂಪ್ಲಿಫೈಯರ್‌ನಲ್ಲಿ ಕೇಳಿಸದಷ್ಟು ಜರ್ರಿಗೆ ತಲೆಕೆಡಿಸಿಕೊಳ್ಳಬೇಡಿ.

ಐದನೇ ಫ್ರೆಟ್‌ನಲ್ಲಿ ಬಾರ್ ಕಾರ್ಡ್ ಸಲೀಸು, ಒಂದನೇ ಫ್ರೆಟ್‌ನ ಎಫ್ ಕಾರ್ಡ್ ಮಾತ್ರ ಪ್ರಾಣ ಹಿಂಡುತ್ತದೆಯೇ? ಹಾಗಿದ್ದರೆ ನಿಮ್ಮ ಬೆರಳಿನ ಮೇಲೆ ಸಿಟ್ಟಾಗಬೇಡಿ, ನಟ್ ನೋಡಿ. ತಲೆಯ ಕಡೆ ತಂತಿಗಳು ಹಾದುಹೋಗುವ ಆ ಸಣ್ಣ ಪಟ್ಟಿಯ ಕಚ್ಚುಗಳು ಆಳ ಸಾಲದೆ ಇರುತ್ತವೆ. ಅಗ್ಗದ ಗಿಟಾರ್‌ಗಳಲ್ಲಿ ಇದು ತೀರಾ ಸಾಮಾನ್ಯ. ಇದನ್ನು ಮನೆಯಲ್ಲಿ ಅರ ಹಿಡಿದು ಉಜ್ಜಬೇಡಿ. ಒಮ್ಮೆ ಹೆಚ್ಚು ಉಜ್ಜಿದರೆ ಹೊಸ ನಟ್ಟೇ ಹಾಕಿಸಬೇಕು.

ಸೆಟಪ್ ಒಮ್ಮೆ ಮಾಡಿಸಿದರೆ ಮುಗಿಯಿತೇ? ಇಲ್ಲ. 9ರ ತಂತಿ ತೆಗೆದು ಅದಕ್ಕಿಂತ ದಪ್ಪನೆಯ 10ರ ತಂತಿ ಹಾಕಿದರೆ ಎಳೆತ ಹೆಚ್ಚಿ ಬಾಗು ಬದಲಾಗುತ್ತದೆ. ಹವೆಯ ತೇವ ಏರಿಳಿದರೂ ಮರ ಅಲುಗುತ್ತದೆ. ಒಣ ಬೇಸಿಗೆಯಲ್ಲಿ ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚುವುದೂ ಇದರಿಂದಲೇ.

ಖರ್ಚು ಊರಿಂದ ಊರಿಗೆ ಬೇರೆ. ತಂತಿ ಸೇರಿದೆಯೇ, ನಟ್ ಕೆಲಸ ಸೇರಿದೆಯೇ ಎಂದು ಮೊದಲೇ ಕೇಳಿ. ಫ್ರೆಟ್ ಉಜ್ಜಿ ಸಮಮಾಡುವುದಕ್ಕೆ ಪ್ರತ್ಯೇಕ ದರವಿರುತ್ತದೆ. ಗಿಟಾರ್ ರಿಪೇರಿಯವರು ಗೊತ್ತಿಲ್ಲದಿದ್ದರೆ ಸಂಗೀತ ವಾದ್ಯದ ಅಂಗಡಿಯಲ್ಲೋ ಕಲಿಸುವ ಗುರುಗಳಲ್ಲೋ ವಿಚಾರಿಸಿ. ಅಷ್ಟಾಗಿಯೂ ಹೊಸದೇ ಬೇಕೆನಿಸಿದರೆ, ಅಂಗಡಿಯಲ್ಲಿ ತಂತಿಯ ಎತ್ತರ ನೋಡಿ ಗಿಟಾರನ್ನು ತಳ್ಳಿಹಾಕಬೇಡಿ. ಅದನ್ನು ಸರಿಮಾಡಬಹುದು. ನೆಕ್ ಕೈಗೆ ಒಗ್ಗುತ್ತದೆಯೇ ಎಂದು ಕುಳಿತು, ನಿಂತು ಹಿಡಿದು ನೋಡಿ. ದುಡ್ಡು ಕೊಡುವ ಮೊದಲು ಸೆಟಪ್ ಮಾಡಿಕೊಡುತ್ತೀರಾ ಎಂದು ಕೇಳಲು ಸಂಕೋಚಪಡಬೇಡಿ.