ಭಾವನಾಭ್ಯಾಸವೂ ಅಂತರ್ದೃಷ್ಟಿಯೂ

ಕಣ್ಣು ಮುಚ್ಚಿ, ಮನಸ್ಸನ್ನು ಬರಿದುಮಾಡಿ, ಅಲ್ಲಿ ತಾನಾಗಿ ಮೂಡುವ ಚಿತ್ರವನ್ನು ಹಿಡಿಯುವ ಅಭ್ಯಾಸದಿಂದ ಪರೋಕ್ಷಜ್ಞಾನವು ಲಭಿಸುವುದೆಂದು ನಂಬುವವರುಂಟು. ಅಮೆರಿಕದ ಕಾದಂಬರಿಕಾರ ಅಪ್ಟನ್ ಸಿಂಕ್ಲೇರರು ತಮ್ಮ ಪತ್ನಿ ಮೇರಿ ಕ್ರೇಗರ ಇಂತಹ ಪ್ರಯೋಗಗಳನ್ನು 1930ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅದರ ಹೆಸರು 'ಮೆಂಟಲ್ ರೇಡಿಯೋ', ಎಂದರೆ ಮನಸ್ಸಿನ ರೇಡಿಯೋ. ಶ್ರೋತೃಗಳಿಗೆ ಪ್ರಿಯವಾಗತಕ್ಕ ಹೆಸರೇ ಸರಿ! ಬೇರೊಬ್ಬರು ಬರೆದ ಚಿತ್ರವನ್ನು ನೋಡದೆ, ಆಕೆಯು ಮೈಯನ್ನು ಸಡಿಲಬಿಟ್ಟು ಮಲಗಿ, ಮನಸ್ಸಿಗೆ ತೋರಿದುದನ್ನು ಬರೆಯುತ್ತಿದ್ದರು. 290 ಚಿತ್ರಗಳಲ್ಲಿ 65 ಸರಿ, 70 ತಪ್ಪು, ಉಳಿದ 155 'ಅಂಶತಃ ಸರಿ' ಎಂದು ಸಿಂಕ್ಲೇರರ ಲೆಕ್ಕ.

ತೊಡಕೆಲ್ಲವೂ ಈ 155ರಲ್ಲಿದೆ. ಡೊಂಕು ಗೆರೆಯೊಂದು ಹಾವೂ ಆದೀತು, ಹೊಳೆಯೂ ಆದೀತು. ಮೂಲವನ್ನು ನೋಡಿದ ಬಳಿಕ ಹೋಲಿಕೆ ಕಾಣದವರಾರು?

ಮನಸ್ಸಿನ ಚಿತ್ರವು ಒಳಗಿನದೋ ಹೊರಗಿನದೋ ಎಂಬುದೂ ಸುಲಭವಾಗಿ ತಿಳಿಯದು. 1910ರಲ್ಲಿ ಪರ್ಕಿ ಎಂಬ ಸಂಶೋಧಕಿಯು ಕೆಲವರನ್ನು ತೆರೆಯ ಮುಂದೆ ಕುಳ್ಳಿರಿಸಿ, ಬಾಳೆಯ ಹಣ್ಣನ್ನು ಭಾವಿಸಿಕೊಳ್ಳಿರೆಂದರು. ಅವರಿಗೆ ತಿಳಿಯದಂತೆ ಹಿಂದಿನಿಂದ ಅದರ ಮಸುಕಾದ ಬಿಂಬವನ್ನು ತೆರೆಯ ಮೇಲೆ ಬೀಳಿಸಿದರು. ಅವರು ಅದನ್ನು ತಮ್ಮ ಕಲ್ಪನೆಯೆಂದೇ ಬಗೆದರು. ಹಣ್ಣು ನೆಟ್ಟಗೆ ನಿಂತಿರುವುದೇಕೆಂದು ಬೆರಗಾದವರೂ ಇದ್ದರು! ಹೊರಗಿನದನ್ನು ಒಳಗಿನದೆಂದು ತಿಳಿಯುವ ಮನಸ್ಸು ಒಳಗಿನ ಭಯವನ್ನು ಹೊರಗಿನ ಸುದ್ದಿಯೆಂದು ತಿಳಿಯಲಾರದೆ?

ಆದುದರಿಂದ ಈ ಅಭ್ಯಾಸಕ್ಕೆ ತೊಡಗುವವರು ಪುಸ್ತಕವೊಂದನ್ನು ಇಟ್ಟುಕೊಳ್ಳಲಿ. ತೋರಿದುದನ್ನು ದಿನ, ವೇಳೆಗಳೊಡನೆ ಮೊದಲೇ ಬರೆಯಲಿ, ಸುಳ್ಳಾದುದನ್ನು ಅಳಿಸದಿರಲಿ. ದೂರದ ಊರಿನಲ್ಲಿರುವ ಮಗನಿಗೆ ಜ್ವರವೆಂದು ಮನಸ್ಸಿಗೆ ಹೊಳೆದ ತಾಯಿಯು ಅದನ್ನೊಮ್ಮೆ ತೆರೆದು ನೋಡಬಹುದು: ಹಿಂದೆ ಎಷ್ಟು ಸಲ ಹಾಗೆಯೇ ಹೊಳೆದು, ಮಗನು ಸುಖವಾಗಿದ್ದನು?