ಗಡಿನಾಡಿನ ಮಕ್ಕಳು ಮತ್ತು ಇಂಗ್ಲಿಷ್ ಶಬ್ದಮೂಲ

ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯ ಕನ್ನಡ ಮಕ್ಕಳಿಗೆ ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಮತ್ತೊಂದು. ಇದರ ಮೇಲೆ ಇಂಗ್ಲಿಷು ಮೂರನೆಯ ಹೊರೆಯೆಂದು ಮರುಗುವವರೇ ಹೆಚ್ಚು. ಆದರೆ ಎರಡು ನುಡಿ ಬಲ್ಲುದೇ ಈ ಮಕ್ಕಳ ಬಂಡವಾಳ. ಶಬ್ದಗಳ ಪಟ್ಟಿ ಕೊಟ್ಟು ಕಂಠಪಾಠ ಮಾಡಿಸುವ ನಾವು ಅದನ್ನು ಬಳಸುತ್ತಿಲ್ಲವಷ್ಟೆ.

ಪೇಟೆಯಿಂದಲೇ ಆರಂಭಿಸಬಹುದು. ಹಿಂದೂಪುರದ ಮಾರುಕಟ್ಟೆಗೆ ಹೆಸರು ತಂದ ಸರಕು ಬೆಲ್ಲ ಮತ್ತು ಹುಣಸೆ. ಬೆಲ್ಲದ ಇಂಗ್ಲಿಷ್ ಹೆಸರಾದ 'ಜಾಗರಿ' ಪೋರ್ಚುಗೀಸರ ಬಾಯಿಂದ ಬಂದದ್ದು. ಅದರ ಮೂಲ ಸಂಸ್ಕೃತದ ಶರ್ಕರಾ. ಅದೇ ಶಬ್ದ ಪಾರಸಿ, ಅರಬ್ಬಿಗಳನ್ನು ಹಾದು 'ಶುಗರ್' ಆಯಿತು. 'ಟಾಮರಿಂಡ್' ಎಂದರೆ ಅರಬ್ಬರ ತಮರ್ ಹಿಂದಿ, ಅಂದರೆ ಹಿಂದ್ ದೇಶದ ಖರ್ಜೂರ.

ಇನ್ನು 'ಬ್ಯಾಂಡಿಕೂಟ್'. ಹೆಗ್ಗಣಕ್ಕೆ ತೆಲುಗಿನಲ್ಲಿ ಪಂದಿಕೊಕ್ಕು ಎನ್ನುತ್ತಾರೆ. ಇಂಗ್ಲಿಷರು ಅದನ್ನೇ ತಿರುಚಿಕೊಂಡರು. ಈ ಪಂದಿ ನಮ್ಮ ಹಂದಿಯೇ. ತೆಲುಗಿನ ಪಾಲು, ಪಂಡು ನಮ್ಮಲ್ಲಿ ಹಾಲು, ಹಣ್ಣು. ಹಳಗನ್ನಡದಲ್ಲಿ ನಾವೂ ಪಾಲ್, ಪಣ್ ಎನ್ನುತ್ತಿದ್ದವರೇ. ಪಕಾರ-ಹಕಾರಗಳ ಈ ಜೋಡಿಯನ್ನು ಗಡಿನಾಡಿನ ಮಗು ದಿನವೂ ಬೀದಿಯಲ್ಲಿ ಕೇಳುತ್ತದೆ. ತೆಲುಗು, ಕನ್ನಡ, ತಮಿಳುಗಳ ನಂಟನ್ನು ಮದರಾಸಿನಲ್ಲಿದ್ದ ಎಲಿಸ್ 1816ರಲ್ಲಿ ತೋರಿಸಿಕೊಟ್ಟನು. ಜರ್ಮನಿಯ ಗ್ರಿಮ್ 1822ರಲ್ಲಿ ವಿವರಿಸಿದ್ದು ಇಂಥದೇ ಇನ್ನೊಂದು ಜೋಡಿ: ಸಂಸ್ಕೃತ, ಲ್ಯಾಟಿನ್‌ಗಳ ಪಕಾರಕ್ಕೆ ಇಂಗ್ಲಿಷಿನ ಬಳಗದಲ್ಲಿ ಫಕಾರ. ಪಿತೃ—ಫಾದರ್, ಪಾದ—ಫುಟ್, ಪಂಚ—ಫೈವ್, ಪೂರ್ಣ—ಫುಲ್. ಪಾಲು-ಹಾಲು ಬಲ್ಲವನಿಗೆ ಇದೇನು ಕಷ್ಟ? ಮುಂದೆ ಲ್ಯಾಟಿನ್ ಮೂಲದ 'ಪೆಡಲ್', 'ಪೆಡೆಸ್ಟ್ರಿಯನ್' ಎದುರಾದಾಗ, ಅಲ್ಲಿ ಪಕಾರ ಹಾಗೆಯೇ ಉಳಿದಿರುವುದರಿಂದ, ಹುಡುಗನಿಗೆ ಪಾದವೇ ಕಾಣಿಸುತ್ತದೆ. 'ಪೆಟರ್ನಲ್' ಎಂಬಲ್ಲಿ ಪಿತೃ ಕಾಣಿಸುತ್ತಾನೆ. ಒಂದು ಶಬ್ದ ಕಲಿಸಿದರೆ ನಾಲ್ಕು ಹಿಂಬಾಲಿಸುತ್ತವೆ.

ಆದರೆ ಎಚ್ಚರಿಕೆ ಬೇಕು. ಈ ಎರಡು ನಿಯಮಗಳು ಬೇರೆ ಬೇರೆ ಭಾಷಾಕುಲದವು. ಕನ್ನಡವೂ ಇಂಗ್ಲಿಷೂ ಒಂದೇ ಮನೆಯವೆಂದು ಹುಡುಗರು ತಿಳಿಯಬಾರದು. ಬರಿಯ ಸದ್ದಿನ ಹೋಲಿಕೆಯನ್ನು ನಂಬಿ 'ಕಟ್' ಶಬ್ದವು ಕತ್ತರಿಯಿಂದ ಬಂದಿತೆನ್ನುವ ಉಪಾಧ್ಯಾಯರುಂಟು. ಅವೆರಡಕ್ಕೂ ಸಂಬಂಧವಿಲ್ಲ. ಕತ್ತರಿಯ ಮೂಲವಾದ ಸಂಸ್ಕೃತದ ಕರ್ತರಿಗೆ ಇಂಗ್ಲಿಷಿನಲ್ಲಿರುವ ದೂರದ ಬಂಧು 'ಶಿಯರ್', ಕುರಿಯ ಉಣ್ಣೆ ಕತ್ತರಿಸುವುದಕ್ಕೆ ಹೇಳುವ ಮಾತು. ಕಲ್ಯಾಣದುರ್ಗದ ಕಡೆ ಕುರಿ ಸಾಕುವ ಮನೆಗಳ ಹುಡುಗರಿಗೆ ಆ ಕತ್ತರಿಯನ್ನೇ ತೋರಿಸಿ ಇದನ್ನು ಹೇಳಿಕೊಡಬಹುದು.